ನಾಲ್ಕು ಡ್ರಮ್ಮುಗಳ ಗುರುತು

ಹಾವೇರಿ ಜಿಲ್ಲೆಯ ಒಂದು ಊರಿನ ಹೊರವಲಯದಲ್ಲಿ ಹದಿನಾರು ವರ್ಷ ಬೀಗ ಜಡಿದುಕೊಂಡು ನಿಂತಿದ್ದ ಕೀಟನಾಶಕ ತಯಾರಿಕಾ ಘಟಕವೊಂದರ ಬಾಗಿಲನ್ನು ನಾವು ತೆರೆದದ್ದು 2019ರ ಮಾರ್ಚ್ ತಿಂಗಳಲ್ಲಿ. ಅಪಾಯಕಾರಿ ತ್ಯಾಜ್ಯವನ್ನು ತೆರವುಗೊಳಿಸುವ ಗುತ್ತಿಗೆ ಸಂಸ್ಥೆಯೊಂದರಲ್ಲಿ ನಾನು ಆಗ ಸ್ಥಳದ ಮೇಲ್ವಿಚಾರಕನಾಗಿದ್ದೆ. ನಾನು ರಸಾಯನಶಾಸ್ತ್ರ ಓದಿದವನು. ಅದಕ್ಕಿಂತ ಮೊದಲು ಹತ್ತಿ ಬೆಳೆಯುವ ಮನೆಯಲ್ಲಿ ಹುಟ್ಟಿದವನು. ಹಾಗಾಗಿ ಬಾಗಿಲು ಸರಿದ ಕೂಡಲೇ ಮೂಗಿಗೆ ಬಡಿದ ಮುಗ್ಗಲು ವಾಸನೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ತೆಳುಬಟ್ಟೆಯ ಚೀಲದಲ್ಲಿ ಬಿ.ಎಚ್.ಸಿ. (ಬೆಂಜೀನ್ ಹೆಕ್ಸಾಕ್ಲೋರೈಡ್) ಎಂಬ ಕೀಟನಾಶಕ ಪುಡಿ ತುಂಬಿಕೊಂಡು, ಸಾಲಿನ ಮೇಲೆ ಕೊಡವುತ್ತ ನಡೆದು, ಸಂಜೆ ಹುಬ್ಬುಗಳೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದಾಗ ಅವರ ಅಂಗಿಯಿಂದ ಬರುತ್ತಿದ್ದ ವಾಸನೆಯೇ ಅದು.

ಘಟಕದ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಮತ್ತು ಡಿ.ಸಿ.ಎಚ್.-32 ಎಂಬ ಸಂಕರಣ ಹತ್ತಿ ತಳಿಗಳು ಈ ಭಾಗದ ಎರೆ ಹೊಲಗಳನ್ನು ತುಂಬಿಕೊಂಡ ಕಾಲದಲ್ಲಿ, ಕಾಯಿಕೊರಕ ಹುಳದ ಕಾಟವೂ ಹೆಚ್ಚಾಗಿ, ಸಿಂಪರಣೆಯ ಸಾಮಗ್ರಿಗೆ ದೊಡ್ಡ ಬೇಡಿಕೆ ಹುಟ್ಟಿತು. ಆಗ ಅಲ್ಲಲ್ಲಿ ತಲೆಯೆತ್ತಿದ ಸಣ್ಣ ಘಟಕಗಳಲ್ಲಿ ಇದೂ ಒಂದು. ಇಂಥ ಘಟಕಗಳು ವಿಷವನ್ನು ತಾವೇ ತಯಾರಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಿಂದ ಸಾಂದ್ರ ರೂಪದ 'ಟೆಕ್ನಿಕಲ್' ತರಿಸಿ, ಸೋಪ್‌ಸ್ಟೋನ್ ಪುಡಿಯಲ್ಲಿ ಬೆರೆಸಿದರೆ ಧೂಳೀಕರಿಸುವ ಪುಡಿಯಾಗುತ್ತದೆ. ದ್ರಾವಕದಲ್ಲಿ ಕರಗಿಸಿ ಎಮಲ್ಸಿಫೈಯರ್ ಸೇರಿಸಿದರೆ ನೀರಿನಲ್ಲಿ ಕಲಸುವ ಎಣ್ಣೆಯಾಗುತ್ತದೆ. ಬಿ.ಎಚ್.ಸಿ. ಶೇಕಡಾ 10, ಮೀಥೈಲ್ ಪ್ಯಾರಾಥಿಯಾನ್ ಶೇಕಡಾ 2, ಕ್ವಿನಾಲ್‌ಫಾಸ್ ಶೇಕಡಾ 1.5, ಎಂಡೋಸಲ್ಫಾನ್ ಶೇಕಡಾ 35 ಇವೆಲ್ಲ ಇಲ್ಲಿ ತಯಾರಾಗುತ್ತಿದ್ದವು. 1997ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಚ್.ಸಿ. ನಿಷೇಧವಾಯಿತು. ಘಟಕ ಅಲ್ಲಿಂದ ಕುಂಟುತ್ತ ನಡೆದು, 2003ರಲ್ಲಿ ಸಾಲ ಕೊಟ್ಟ ಬ್ಯಾಂಕಿನ ವಶವಾಯಿತು. ಬಹಳ ವರ್ಷಗಳ ಮೇಲೆ ನಡೆದ ಹರಾಜಿನ ಪಟ್ಟಿಯಲ್ಲಿ ಗೋದಾಮಿನೊಳಗಿನ ಸರಕನ್ನೆಲ್ಲ ಸೇರಿಸಿ 'ಹಳೆಯ ಸಾಮಾನು, ಬೆಲೆಯಿಲ್ಲ' ಎಂದು ಒಂದೇ ಸಾಲಿನಲ್ಲಿ ಬರೆದಿದ್ದರು. ಆ ಸಾಲನ್ನು ನಂಬಿ ಜಾಗ ಕೊಂಡವರ ಮೇಲೆ ತೆರವಿನ ವೆಚ್ಚ ಬಿತ್ತು.

ಮೊದಲ ದಿನ ನಾವು ಏನನ್ನೂ ಮುಟ್ಟಲಿಲ್ಲ. ಗಾಳಿಯ ಪರೀಕ್ಷೆಯಾದ ಮೇಲೆ ಇಬ್ಬರೇ ಪೂರ್ಣ ಉಡುಪಿನಲ್ಲಿ ಒಳಹೋಗಿ, ಬಾಗಿಲಿನಿಂದ ಹಿಂಗೋಡೆಯವರೆಗೆ ಬ್ಯಾಟರಿ ಬೆಳಕು ಹಾಯಿಸುತ್ತ ಚಿತ್ರ ತೆಗೆದೆವು. ಎಡಗಡೆ ಕಾಗದದ ಚೀಲಗಳಲ್ಲಿದ್ದ ಪುಡಿಯ ಮೂಟೆಗಳು ಬುಡದಲ್ಲಿ ತೇವ ಹೀರಿ ಗಟ್ಟಿ ಬಂಡೆಯಂತಾಗಿದ್ದವು. ಮೇಲಿನ ಸಾಲಿನ ಮೂಟೆಗಳನ್ನು ಇಲಿಗಳು ಕಡಿದು ಹಾಕಿದ್ದವು. ಬಲಗಡೆ ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮುಗಳಿದ್ದವು. ಹೆಚ್ಚಿನವುಗಳ ಬಣ್ಣ ತುಕ್ಕಿನಡಿ ಕಾಣದಾಗಿತ್ತು, ಚೀಟಿಗಳು ಉದುರಿ ಹೋಗಿದ್ದವು. ನೆಲದ ಮೇಲೆ ಬೆರಳ ದಪ್ಪದ ಬಿಳಿ ಪುಡಿ ಹಾಸಿತ್ತು. ಆ ಪುಡಿಯ ಮೇಲೆ ನಾಯಿಯೊಂದರ ಹೆಜ್ಜೆಗಳು ಹಿಂಭಾಗದ ಮುರಿದ ತಗಡಿನ ಕಂಡಿಯಿಂದ ಒಳಬಂದು, ಮೂಟೆಗಳ ಪಕ್ಕದಲ್ಲಿ ಮಲಗಿ ಎದ್ದ ಗುರುತು ಮಾಡಿ, ಅದೇ ಕಂಡಿಯಿಂದ ಹೊರಹೋಗಿದ್ದವು. ಕಂಡಿಯಾಚೆ ಐವತ್ತು ಅಡಿ ದೂರದಲ್ಲಿ ಮನೆಗಳಿದ್ದವು.

ಡ್ರಮ್ಮುಗಳ ಸಾಲಿನ ತುದಿಯಲ್ಲಿ ಮತ್ತೊಂದು ಗುರುತಿತ್ತು. ಬಿಳಿ ಪುಡಿಯ ನಡುವೆ ನಾಲ್ಕು ದುಂಡನೆಯ ಜಾಗಗಳು ತುಸು ತೆಳುವಾಗಿ, ಅಂಚಿನಲ್ಲಿ ತುಕ್ಕಿನ ಉಂಗುರ ಹೊತ್ತುಕೊಂಡು ಕಾಣಿಸುತ್ತಿದ್ದವು. ಅಲ್ಲಿ ನಾಲ್ಕು ಡ್ರಮ್ಮುಗಳಿದ್ದು, ಯಾರೋ ಅವನ್ನು ಒಯ್ದಿದ್ದರು. ದಾಸ್ತಾನು ಪುಸ್ತಕದಲ್ಲಿ ನಾವು ಕೊಟ್ಟ ಸಂಖ್ಯೆಗಳು 114ಕ್ಕೆ ನಿಂತಿದ್ದವು. ನಾನು 115ರಿಂದ 118ರವರೆಗಿನ ಸಂಖ್ಯೆಗಳನ್ನು ಆ ನಾಲ್ಕು ಉಂಗುರಗಳಿಗೆ ಕೊಟ್ಟು, ಮುಂದಿನ ಕಲಂಗಳನ್ನು ಖಾಲಿ ಬಿಟ್ಟೆ.

ಇಂಥ ಕೆಲಸವೆಂದರೆ ಎತ್ತುವುದು, ತುಂಬುವುದು, ಸಾಗಿಸುವುದು ಎಂದು ಹೊರಗಿನವರು ಭಾವಿಸುತ್ತಾರೆ. ನಮ್ಮ ಎಂಟು ವಾರಗಳಲ್ಲಿ ಮೂರು ವಾರಗಳು ಯಾವ ಡ್ರಮ್ಮಿನಲ್ಲಿ ಏನಿದೆ ಎಂದು ತಿಳಿಯುವುದಕ್ಕೇ ಹೋದವು, ಅದು ತಿಳಿಯದೆ ಒಂದು ಮುಚ್ಚಳವನ್ನೂ ಸಡಿಲಿಸುವಂತಿರಲಿಲ್ಲ. ಆಮ್ಲವಿದ್ದ ಡಬ್ಬಿಯ ಪಕ್ಕದಲ್ಲಿ ಯಾವುದನ್ನು ಇಡಬಾರದು, ಯಾವುದು ಬೇಗ ಹೊತ್ತಿಕೊಳ್ಳುತ್ತದೆ, ಯಾವುದು ನೀರು ತಗುಲಿದರೆ ಅನಿಲ ಬಿಡುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡು ಬೇರೆ ಬೇರೆ ಗುಂಪುಗಳನ್ನು ಮಾಡಬೇಕು. ಸಂದೇಹವಿದ್ದ ಪ್ರತಿಯೊಂದರಿಂದಲೂ ಗಾಜಿನ ಸೀಸೆಯಲ್ಲಿ ಮಾದರಿ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ವರದಿ ಬರುವುದರೊಳಗೆ ನಮಗೆ ಬೇರೊಂದು ದಾರಿ ಸಿಕ್ಕಿತು. ಘಟಕದಲ್ಲಿ ಹದಿನೆಂಟು ವರ್ಷ ಮಿಶ್ರಣ ಯಂತ್ರ ನಡೆಸಿದ್ದ ಹಿರಿಯರೊಬ್ಬರು ಅದೇ ಊರಿನಲ್ಲಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರನ್ನು ಒಳಗೆ ಬಿಡುವಂತಿರಲಿಲ್ಲವಾದ್ದರಿಂದ, ಹೊರಗಿನ ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿ, ನಾವು ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆವು. ಮುಚ್ಚಳದ ಬಗೆ, ಪಟ್ಟಿಯ ಅಗಲ, ಒಂದು ಕಡೆ ಒಳಸೇರಿದ ಗುಂಡಿ ನೋಡಿಯೇ ಅವರು ಇದು ದ್ರಾವಕದ್ದು, ಇದು ಎಮಲ್ಸಿಫೈಯರಿನದು, ಇದು ಎಂಡೋಸಲ್ಫಾನಿನದು ಎಂದು ಹೇಳುತ್ತ ಹೋದರು. ಪ್ರಯೋಗಾಲಯದ ವರದಿಗಳು ಬಂದಾಗ ಅವರು ಹೇಳಿದ್ದರಲ್ಲಿ ತಪ್ಪಿದ್ದು ಎರಡೇ.

ಮೂಲೆಯಲ್ಲಿದ್ದ ಚಿಕ್ಕ ತಗಡಿನ ಡಬ್ಬಿಗಳ ಚಿತ್ರ ಬಂದಾಗ ಅಜ್ಜಾರು ನೆಟ್ಟಗೆ ಕೂತರು. "ಸರ, ಅದಕ್ಕ ನೀರು ಸೋಕಸಬ್ಯಾಡ್ರಿ. ಅದು ಇಲಿ ಪಾಷಾಣ. ತ್ಯಾವ ಬಡದ್ರ ಕೆಟ್ಟ ಹವಾ ಬಿಡತೈತಿ." ಅದು ಜಿಂಕ್ ಫಾಸ್ಫೈಡ್. ತೇವ ತಗುಲಿದರೆ ನಿಧಾನವಾಗಿ, ಆಮ್ಲ ತಗುಲಿದರೆ ಕೂಡಲೇ ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಬರುತ್ತದೆ. ಧೂಳು ಏಳದಿರಲೆಂದು ಗುಡಿಸುವ ಮುನ್ನ ಇಡೀ ನೆಲಕ್ಕೆ ನೀರು ಚಿಮುಕಿಸುವುದೆಂದು ನಮ್ಮ ಯೋಜನೆಯಲ್ಲಿ ಬರೆದದ್ದು ನಾನೇ. ಆ ಡಬ್ಬಿಗಳಲ್ಲಿ ಎರಡರ ತಳ ತೂತಾಗಿ ಕಪ್ಪು ಬೂದುಬಣ್ಣದ ಪುಡಿ ನೆಲದ ಬಿಳಿ ಪುಡಿಯಲ್ಲಿ ಬೆರೆತಿತ್ತು ಎಂಬುದು ಆಮೇಲೆ ಕಂಡಿತು. ಅಂದೇ ಯೋಜನೆಯ ಆ ಪುಟವನ್ನು ಹರಿದು ಹೊಸದಾಗಿ ಬರೆದೆ. ನೀರೂ ಬೇಡ, ಪೊರಕೆಯೂ ಬೇಡ; ಸೂಕ್ಷ್ಮ ಧೂಳನ್ನು ಹಿಡಿದಿಡುವ ಸೋಸುಪದರವಿರುವ ನಿರ್ವಾತ ಯಂತ್ರದಿಂದ ಒಣಗಿದ್ದಂತೆಯೇ ಎಳೆದುಕೊಳ್ಳಬೇಕು. ಇದರಿಂದ ಒಂಬತ್ತು ದಿನ ಹೆಚ್ಚು ಹಿಡಿಯಿತು. ಆ ಒಂಬತ್ತು ದಿನಗಳ ಬಗ್ಗೆ ನನಗೆ ಈಗಲೂ ಕೃತಜ್ಞತೆಯಿದೆ.

ಕೆಲಸಕ್ಕೆ ಎಂಟು ಮಂದಿಯಿದ್ದರು, ಎಲ್ಲರೂ ಸುತ್ತಲಿನ ಹಳ್ಳಿಗಳವರು. ಅವರಿಗೆ ತರಬೇತಿ ಕೊಡುವಾಗ ಎದುರಾದ ತೊಡಕು ಭಯದ್ದಲ್ಲ, ಭಯವಿಲ್ಲದ್ದು. ನಮ್ಮ ಕಡೆ ಇವಕ್ಕೆಲ್ಲ ಇರುವ ಹೆಸರು ಔಷಧಿ. ಗೊಬ್ಬರದ ಅಂಗಡಿಯಲ್ಲಿ ಕೇಳುವುದೂ ಔಷಧಿಯನ್ನೇ, ಬೆಳೆಗೆ ಹೊಡೆಯುವುದೂ ಔಷಧಿಯನ್ನೇ. ಮನೆಯಲ್ಲಿ ತಿಗಣೆಗೆ, ಮಕ್ಕಳ ತಲೆಯ ಹೇನಿಗೆ ಇದೇ ಬಿಳಿ ಪುಡಿಯನ್ನು ಹಚ್ಚಿದ ಕಾಲವೂ ಇತ್ತು. "ಇದೇನ್ ಹೊಸಾದಲ್ರಿ ಸರ, ನಾವು ಬರಿಗೈಯಿಂದಾನ ಕಲಸೇವಿ" ಎಂದು ಮೊದಲ ದಿನವೇ ಒಬ್ಬರು ಹೇಳಿದರು. ನಾನು ಡಬ್ಬಿಗಳ ಮೇಲಿನ ತ್ರಿಕೋನದ ಗುರುತಿನಿಂದ ಆರಂಭಿಸಿದೆ. ಹಸಿರು, ನೀಲಿ, ಹಳದಿ, ಕೆಂಪು ಎಂದು ವಿಷದ ತೀವ್ರತೆ ಏರುತ್ತ ಹೋಗುತ್ತದೆ. ಕೆಂಪು ತ್ರಿಕೋನದ ವಸ್ತುವಾದರೆ ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಪ್ರಮಾಣವೇ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುತ್ತದೆ. ಇದನ್ನು ಕೇಳಿ ಅವರು ತಲೆಯಾಡಿಸಿದರು, ಅಷ್ಟೆ. ಜಿಲ್ಲಾ ಆಸ್ಪತ್ರೆಯಿಂದ ಬಂದ ಸಿಬ್ಬಂದಿ ಎಲ್ಲರ ರಕ್ತ ತೆಗೆದು, ಮೀಥೈಲ್ ಪ್ಯಾರಾಥಿಯಾನ್, ಕ್ವಿನಾಲ್‌ಫಾಸ್‌ನಂಥ ಸಾವಯವ ರಂಜಕದ ವಿಷ ದೇಹ ಸೇರಿದರೆ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವ ಇಳಿಯುತ್ತದೆ, ಇಂದಿನ ಅಂಕಿಯನ್ನು ಮುಂದಿನದರ ಜೊತೆ ಹೋಲಿಸಿ ನೋಡುತ್ತೇವೆ ಎಂದು ವಿವರಿಸಿದಾಗ ಮಾತ್ರ ಮಾತು ಅವರ ಮೈಗೆ ತಾಗಿತು.

ಉಡುಪು ಹಾಕಿಕೊಳ್ಳುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಎರಡು ಜೊತೆ ಕೈಗವಸು, ಹೊರಗಿನದರ ಅಂಚನ್ನು ತೋಳಿಗೆ ಸೇರಿಸಿ ಟೇಪು. ಉಡುಪಿನ ಕಾಲು ಗಮ್‌ಬೂಟಿನ ಒಳಗಲ್ಲ, ಹೊರಗೆ, ಇಲ್ಲವಾದರೆ ಚೆಲ್ಲಿದ್ದೆಲ್ಲ ಬೂಟಿನೊಳಗೆ ಇಳಿಯುತ್ತದೆ. ಏಪ್ರಿಲಿನ ಬಿಸಿಲಿನಲ್ಲಿ ತಗಡಿನ ಸೂರಿನಡಿ ಅರ್ಧ ಗಂಟೆಗಿಂತ ಹೆಚ್ಚು ಯಾರೂ ಇರುವಂತಿರಲಿಲ್ಲ. ಬೆಳಗಿನ ಐದೂವರೆಗೆ ಆರಂಭಿಸಿ ಹತ್ತಕ್ಕೆ ನಿಲ್ಲಿಸುತ್ತಿದ್ದೆವು. ಎಲೆ ಅಡಿಕೆ, ತಂಬಾಕು, ಬೀಡಿ ಯಾವುದೂ ಅಂಗಳದ ಹಳದಿ ಹಗ್ಗ ದಾಟಿ ಬರಬಾರದು ಎಂಬ ನಿಯಮ ಅವರಿಗೆ ಮುಖವಾಡಕ್ಕಿಂತಲೂ ಕಷ್ಟವಾಯಿತು.

ಏಪ್ರಿಲಿನ ಮೂರನೆಯ ವಾರದಲ್ಲಿ ಅವಘಡವೊಂದು ನಡೆಯಿತು. ಸೋರುವ ಡ್ರಮ್ಮನ್ನು ಹಾಗೆಯೇ ಎತ್ತಿ ಅದಕ್ಕಿಂತ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಳಿಸಿ, ಸುತ್ತಲಿನ ಸಂದಿಗೆ ವರ್ಮಿಕ್ಯುಲೈಟ್ ಎಂಬ, ದ್ರವ ಹೀರುವ ಖನಿಜ ತುಂಬಿ ಮುಚ್ಚುವುದು ನಮ್ಮ ಕ್ರಮ. 63ನೆಯ ಸಂಖ್ಯೆಯದು ಮೇಲ್ನೋಟಕ್ಕೆ ಗಟ್ಟಿಯಾಗಿತ್ತು. ಎತ್ತುವ ಮುನ್ನ ತಳವನ್ನು ಕನ್ನಡಿ ಹಿಡಿದು ನೋಡಬೇಕು ಎಂಬ ನಿಯಮವನ್ನು ಆ ದಿನ ಹೊತ್ತು ಮೀರಿತೆಂದು ನಾನು ಬಿಟ್ಟುಬಿಟ್ಟೆ. ಡ್ರಮ್ಮು ನೆಲದಿಂದ ಒಂದು ಅಡಿ ಮೇಲೆದ್ದಾಗ ತಳ ಕಳಚಿ, ನಲವತ್ತು ಲೀಟರಿನಷ್ಟು ಎಂಡೋಸಲ್ಫಾನ್ ನೆಲಕ್ಕೆ ಸುರಿಯಿತು. ಹತ್ತಿರವಿದ್ದ ಹುಡುಗನ ಬೂಟು, ಮೊಣಕಾಲಿನವರೆಗಿನ ಉಡುಪು ತೊಯ್ದವು. ತಳದ ಚೂಪಾದ ಅಂಚು ಅವನ ಎಡಗೈಯ ಎರಡೂ ಗವಸುಗಳನ್ನು ಸೀಳಿತ್ತು. ಅವನನ್ನು ತೊಳೆಯುವ ತೊಟ್ಟಿಯ ಬಳಿ ಕರೆತಂದು ನೀರು ಬಿಟ್ಟಾಗ, ಬೂಟಿನಿಂದ ಇಳಿದ ಎಣ್ಣೆ ನೀರಿಗೆ ಸೇರಿದ ಕ್ಷಣದಲ್ಲಿ ಹಾಲಿನಂತೆ ಬೆಳ್ಳಗಾಗಿ ತೊಟ್ಟಿ ತುಂಬಿತು. ಹೊಲದಲ್ಲಿ ಬ್ಯಾರಲ್ಲಿಗೆ ಔಷಧಿ ಬೆರೆಸುವಾಗ ನಾನು ನೂರು ಸಲ ನೋಡಿದ ಬಿಳುಪು ಅದು. ಒಬ್ಬ ಹುಡುಗನ ಕಾಲಿನಿಂದ ಅದು ಇಳಿಯುವುದನ್ನು ನೋಡಿದ್ದು ಅದೇ ಮೊದಲು. ಸಾಬೂನಿನಲ್ಲಿ ಹದಿನೈದು ನಿಮಿಷ ಕೈಕಾಲು ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ಎಂಡೋಸಲ್ಫಾನ್ ನರಮಂಡಲವನ್ನು ಕೆರಳಿಸಿ ಸೆಳವು ತರಬಲ್ಲದಾದ್ದರಿಂದ ವೈದ್ಯರು ಅವನನ್ನು ಎರಡು ದಿನ ಇರಿಸಿಕೊಂಡು ನೋಡಿದರು. ಅವನಿಗೆ ಏನೂ ಆಗಲಿಲ್ಲ. ತಪ್ಪು ನನ್ನದೆಂದು ಅವನ ತಂದೆಯವರ ಮುಂದೆ ಕೂತು ಹೇಳಿದೆ, ವರದಿಯಲ್ಲೂ ಹಾಗೆಯೇ ಬರೆದೆ. ಅಂದಿನಿಂದ ಕನ್ನಡಿ ನನ್ನ ಕೈಯಲ್ಲೇ ಇರುತ್ತಿತ್ತು.

ಇಷ್ಟರ ನಡುವೆ ಆ ನಾಲ್ಕು ಉಂಗುರಗಳು ನನ್ನನ್ನು ಬಿಟ್ಟಿರಲಿಲ್ಲ. ಸಂಜೆ ಹೊತ್ತು ಅಜ್ಜಾರನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋಗತೊಡಗಿದೆ. ಒಂದು ಡ್ರಮ್ಮು ಎಮ್ಮೆಗಳಿಗೆ ನೀರುಣಿಸುವ ತೊಟ್ಟಿಯ ಪಕ್ಕದಲ್ಲಿ, ನೀರು ತುಂಬಿಕೊಂಡೇ ಸಿಕ್ಕಿತು. ಇನ್ನೊಂದನ್ನು ಉದ್ದಕ್ಕೆ ಸೀಳಿ ಕೋಳಿಗೂಡಿಗೆ ಸೂರು ಮಾಡಿದ್ದರು. ಮೂರನೆಯದು ಓಣಿಯ ಕೊನೆಯ ಮನೆಯ ಪಡಸಾಲೆಯಲ್ಲಿ, ಮೇಲೆ ಮಡಿಸಿದ ಕೌದಿ ಇಟ್ಟುಕೊಂಡು ನಿಂತಿತ್ತು. ಒಳಗೆ ಜೋಳವಿತ್ತು.

ಆ ಮನೆಯ ತಾಯಿಯವರು ನಮ್ಮ ಮಾತನ್ನು ಪೂರ್ತಿ ಕೇಳಿದರು. "ಸೋಡಾ ಹಾಕಿ ಮೂರ್ ಸಲ ತೊಳದೇವ್ರಿ ಸಾಹೇಬ್ರ. ಔಷಧಿ ಡ್ರಮ್ಮಾದ್ರ ಹುಳಾ ಹಿಡಿಯಂಗಿಲ್ಲ, ಅದಕ್ಕ ತಂದಿದ್ದು." ಅವರು ಹೇಳಿದ್ದು ನಿಜವೇ ಆಗಿತ್ತು, ಹುಳು ಹಿಡಿಯದಿರಲು ಕಾರಣವೂ ಅದೇ ಆಗಿತ್ತು. ಕಬ್ಬಿಣದ ತುಕ್ಕಿನ ಪದರಗಳಲ್ಲಿ ಸೇರಿಕೊಂಡ ವಿಷ ಸೋಡಾಕ್ಕೆ ಬಿಡುವುದಿಲ್ಲ ಎಂದು ನಾನು ವಿವರಿಸಿದೆ. ಬದಲಿಗೆ ಹೊಸ ಡ್ರಮ್ಮನ್ನೂ ಅಷ್ಟೇ ತೂಕದ ಜೋಳವನ್ನೂ ಕೊಡುವುದಾಗಿ ಒಪ್ಪಿಸಿದೆ. ಇದಕ್ಕೆ ಯೋಜನೆಯಲ್ಲಿ ಹಣವಿರಲಿಲ್ಲ, ಜಾಗ ಕೊಂಡಿದ್ದವರು ಕೇಳಿದ ಕೂಡಲೇ ಕೊಟ್ಟರು. ಜೋಳವನ್ನು ಚೀಲಕ್ಕೆ ಸುರಿಯುವ ಮೊದಲು ಆ ತಾಯಿಯವರು ಒಂದು ಹಿಡಿ ಎತ್ತಿ ಕಣ್ಣಿಗೆ ಒತ್ತಿಕೊಳ್ಳಲು ಹೋದರು. ನಾನು ಅವರ ಕೈ ಹಿಡಿದು ತಡೆಯಬೇಕಾಯಿತು. ಆ ಜೋಳವೂ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ 117ನೆಯ ಸಂಖ್ಯೆಯ ಜೊತೆ ಸೇರಿತು.

ನೆಲದ ಮೇಲಿನದು ಮುಗಿದ ನಂತರ ನೆಲದ ಕೆಳಗಿನದು ಉಳಿದಿತ್ತು. ಮಿಶ್ರಣದ ಕೋಣೆಯನ್ನು ತೊಳೆದ ನೀರು ಹೊರಗಿನ ಇಂಗುಗುಂಡಿಗೆ ಹೋಗುತ್ತಿತ್ತು. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ, ಆಳವಾಗಿ ಬಿರಿಯುವುದನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಆ ಬಿರುಕುಗಳಲ್ಲಿ ಪುಡಿ ಇಳಿದು, ಮಳೆ ಬಂದಾಗ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು, ಮರುಬೇಸಿಗೆಯಲ್ಲಿ ಮತ್ತೆ ತೆರೆದು, ವಿಷ ವರ್ಷದಿಂದ ವರ್ಷಕ್ಕೆ ಕೆಳಗಿಳಿದಿತ್ತು. ಇಡೀ ಅಂಗಳವನ್ನು ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದರಂತೆ ಮೂರು ಆಳಗಳಲ್ಲಿ ಮಾದರಿ ತೆಗೆದೆವು. ಹೆಚ್ಚಿನ ಕಡೆ ಎರಡು ಅಡಿ ಮಣ್ಣು ತೆಗೆದರೆ ಸಾಕಾಯಿತು. ಇಂಗುಗುಂಡಿಯ ಬುಡದಲ್ಲಿ ಹನ್ನೊಂದು ಅಡಿಗೆ ಇಳಿಯಬೇಕಾಯಿತು.

ಪಕ್ಕದ ಹೊಲದ ಬಾವಿಯ ನೀರಿನಲ್ಲಿಯೂ ಬಿ.ಎಚ್.ಸಿ. ಸಿಕ್ಕಿತು. ಬಿ.ಎಚ್.ಸಿ. ಎಂದು ನಾವು ಕರೆಯುವುದು ಒಂದೇ ವಸ್ತುವಲ್ಲ, ಒಂದೇ ಸೂತ್ರದ ಹಲವು ರೂಪಗಳ ಬೆರಕೆ. ಹುಳು ಕೊಲ್ಲುವುದು ಅದರಲ್ಲಿನ ಗಾಮಾ ರೂಪ, ಅದು ಇರುವುದು ಶೇಕಡಾ 10ರಿಂದ 15 ಮಾತ್ರ. ಉಳಿದದ್ದೆಲ್ಲ ಹೊಲಕ್ಕೆ ಸುಮ್ಮನೆ ಬಿದ್ದ ವಿಷ. ಅದರಲ್ಲಿಯೂ ಬೀಟಾ ರೂಪ ಎಲ್ಲಕ್ಕಿಂತ ಹೆಚ್ಚು ಕಾಲ ವಿಘಟನೆಯಾಗದೆ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಾಮಾಕ್ಕೆ ಲೀಟರಿಗೆ 2 ಮೈಕ್ರೋಗ್ರಾಂ ಮಿತಿಯಿದ್ದರೆ, ಬೀಟಾಕ್ಕೆ ಇರುವುದು 0.04 ಮಾತ್ರ. ಬಾವಿಯಲ್ಲಿ ಗಾಮಾ ಮಿತಿಯೊಳಗಿತ್ತು, ಬೀಟಾ ಮಿತಿ ದಾಟಿತ್ತು. ಬಾವಿಗೆ ಜಾಲರಿ ಹಾಕಿ ಬೀಗ ಹಾಕಿದೆವು. ಆ ಮನೆಗೆ ನಳದ ನೀರು ಬರುವಂತಾಯಿತು. ನೀರನ್ನು ಹೊರತೆಗೆದು ಶುದ್ಧಗೊಳಿಸುವ ಕೆಲಸ ನಮ್ಮ ಗುತ್ತಿಗೆಯೊಳಗೆ ಬರಲಿಲ್ಲ ಎಂಬುದನ್ನು ಬರೆಯುವಾಗ ಈಗಲೂ ಮನಸ್ಸು ಮುದುಡುತ್ತದೆ.

ಊರಿನ ಕೆಲವರು ಡೀಸೆಲ್ ಸುರಿದು ಅಲ್ಲಿಯೇ ಸುಟ್ಟುಬಿಡಿ ಎಂದರು. ಬಿ.ಎಚ್.ಸಿ.ಯ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಬಯಲು ಬೆಂಕಿಯ ಅರೆಬರೆ ಕಾವಿನಲ್ಲಿ ಸುಟ್ಟರೆ ಅದಕ್ಕಿಂತಲೂ ಕೆಟ್ಟ, ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ದಹನ ಕೇಂದ್ರದ ಎರಡನೆಯ ಕೋಣೆಯಲ್ಲಿ 1100 ಡಿಗ್ರಿ ಸೆಲ್ಸಿಯಸ್ ಸುಮಾರಿನ ಕಾವಿನಲ್ಲಿ ಅನಿಲವನ್ನು ಎರಡು ಸೆಕೆಂಡು ಹಿಡಿದಿಟ್ಟು, ಆಮೇಲೆ ಥಟ್ಟನೆ ತಣಿಸಬೇಕು. ಆದ್ದರಿಂದ ಡ್ರಮ್ಮುಗಳೂ ಮೂಟೆಗಳೂ ದಹನಕ್ಕೆ ಹೋದವು. ಕಡಿಮೆ ವಿಷದ ಮಣ್ಣು ಜಂಬೋ ಚೀಲಗಳಲ್ಲಿ ದಾಬಸ್‌ಪೇಟೆಯ ಭದ್ರ ಭೂಭರ್ತಿಗೆ, ಅಂದರೆ ತ್ಯಾಜ್ಯವನ್ನು ಹೂಳಿಡುವ ಜಾಗಕ್ಕೆ, ಹೋಯಿತು. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಪ್ರತಿ ಲಾರಿಗೂ ಏಳು ಬಣ್ಣಗಳ ಪ್ರತಿಗಳಿರುವ ರವಾನೆ ಪತ್ರ ಬೇಕು. ಬಿಳಿಯದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿಯದು ಕಳುಹಿಸಿದವರಲ್ಲಿ, ಹೀಗೆ ಹಂಚಿಕೆಯಾಗಿ, ಸರಕು ತಲುಪಿದ ಮೇಲೆ ಸ್ವೀಕರಿಸಿದವರು ಸಹಿ ಮಾಡಿದ ನೀಲಿ ಪ್ರತಿ ಕಳುಹಿಸಿದವರಿಗೆ ಮರಳುತ್ತದೆ. ಅದು ಬರುವವರೆಗೆ ಕೆಲಸ ಮುಗಿದಂತಲ್ಲ. 2025ರ ಜನವರಿ 1ರ ರಾತ್ರಿ ಭೋಪಾಲದ ಮುಚ್ಚಿದ ಕೀಟನಾಶಕ ಕಾರ್ಖಾನೆಯಿಂದ 337 ಟನ್ ತ್ಯಾಜ್ಯ ಹೊತ್ತ ಹನ್ನೆರಡು ಕಂಟೇನರುಗಳು ದಹನ ಕೇಂದ್ರವಿರುವ ಪೀಥಂಪುರದತ್ತ ಹೊರಟದ್ದನ್ನು ಟಿವಿಯಲ್ಲಿ ನೋಡುವಾಗ, ನನ್ನ ಕಣ್ಣು ಹೋದದ್ದು ಕೆಲಸಗಾರರ ಕೈಗವಸಿನ ಟೇಪಿನ ಕಡೆಗೆ. 1984ರ ಆ ದುರಂತದ ನಂತರ ನಲವತ್ತು ವರ್ಷ ಕಾದು ಹೊರಟ ಸರಕು ಅದು. ಅಲ್ಲಿಯ ಮಣ್ಣೂ ನೀರೂ ಇನ್ನೂ ಅಲ್ಲಿಯೇ ಇವೆ.

ನಮ್ಮ ಕೊನೆಯ ಲಾರಿ ಮೇ 9ರ ರಾತ್ರಿ ಹೊರಟಿತು. ನೀಲಿ ಪ್ರತಿಗಳು ಜೂನ್ ಮೊದಲ ವಾರದಲ್ಲಿ ಅಂಚೆಯಲ್ಲಿ ಬಂದವು. ದಾಸ್ತಾನು ಪುಸ್ತಕವನ್ನು ಬಿಚ್ಚಿಟ್ಟುಕೊಂಡು ಒಂದೊಂದೇ ಸಂಖ್ಯೆಗೆ ಗುರುತು ಹಾಕುತ್ತ ಬಂದೆ. 117ರವರೆಗೆ ಎಲ್ಲವೂ ತಾಳೆಯಾದವು. 118ರ ಮುಂದಿನ ಕಲಂ ಇಂದಿಗೂ ಖಾಲಿಯಿದೆ. ಅಜ್ಜಾರು ತೀರಿಕೊಳ್ಳುವ ಮುಂಚೆ ಎರಡು ಸಲ ಫೋನು ಮಾಡಿ, ಇಂಥ ಓಣಿಯಲ್ಲಿ ಒಂದು ಹಳೆಯ ಡ್ರಮ್ಮು ಕಂಡಿತು, ಬಂದು ನೋಡ್ರಿ ಎಂದಿದ್ದರು. ಎರಡು ಸಲವೂ ಹೋಗಿ ನೋಡಿದೆ. ಒಂದು ಡಾಂಬರಿನದು, ಇನ್ನೊಂದು ಖಾದ್ಯ ತೈಲದ್ದು.